ಮೊಣಕಾಲ ಪಟ್ಟಿ ಚಿತ್ತಾಪುರಕ್ಕೆ ಹೋಯಿತು

ಇವತ್ತು ಶಹಾಬಾದಿನ ಪಾಲಿಶ್ ಶೆಡ್ಡಿಗೆ ಹೋದರೆ ನಮ್ಮ ಅಡುಗೆಮನೆಯ ಒಲೆಕಟ್ಟೆಗೆ ಹಾಕಬೇಕಾದ ಫರಸಿ ಕಲ್ಲು ಒರಟಾಗಿಯೇ ಬಿದ್ದಿತ್ತು ಗೆಳೆಯರೇ. ಪಾಲಿಶ್ ಮಾಡುವ ಶರಣಪ್ಪ ಮಗಳ ಜೊತೆ ಜಗಳಕ್ಕೆ ನಿಂತಿದ್ದ. ಮಗಳು ಲಕ್ಷ್ಮಿ ಕಾಲೇಜಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ನಿನ್ನೆ ಸೇಡಂನಲ್ಲಿ ಆರು ಗೋಲು ಬಿಟ್ಟು ಬಂದಿದ್ದಾಳೆ.

“ಇವತ್ತ ಚಿತ್ತಾಪುರದ ಮ್ಯಾಚಿಗಿ ಹೋಗೂದ್ ಬ್ಯಾಡ. ಆರು ಸಾಲಲಿಲ್ಲೇನು?”

ಅವಳು ಮೊಬೈಲು ಮುಂದೆ ಹಿಡಿದಳು. ಯಾವುದೋ ದೇಶದಲ್ಲಿ ಹದಿನೆಂಟರೊಳಗಿನ ಹುಡುಗಿಯರ ಐಸ್ ಹಾಕಿ, ಅಂತಾರಾಷ್ಟ್ರೀಯ ಟೂರ್ನಿಯ ಕಟ್ಟಕಡೆಯ ದರ್ಜೆ. ಶರಣಪ್ಪ ಆಟ ಬಿಟ್ಟು ನೆಲ ನೋಡಿದ.

“ಯಾವ ಖಣಿ ಕಲ್ಲದು? ಪಾಲಿಶ್ ಭಾಳ ಛಂದ ಆಗ್ಯಾದ.”

“ಕಲ್ಲಲ್ಲಪ್ಪಾ, ಬರಫ್. ಈ ಗೋಲ್‌ಕೀಪರಿಗಿ ಹದಿಮೂರು ಗೋಲ್ ಬಿದ್ದಾವ.”

“ಹದಿಮೂರಾ? ಮತ್ಯಾಕ ಇನ್ನಾ ನಿಂತಾಳ?”

“ನಲವತ್ತು ತಡದಾಳಲ್ಲ, ಅದಕ್ಕ.”

ಅಷ್ಟರಲ್ಲಿ ಆ ಆಟದಲ್ಲಿ ಚೆಂಡಿನ ಬದಲು ಇರುವ ಕರಿ ಬಿಲ್ಲೆ ಗುಂಡಿನಂತೆ ಬಂತು. ಹುಡುಗಿ ಎರಡೂ ಮೊಣಕಾಲೂರಿ ತಡೆದಳು. ಬಿದ್ದಳು, ಎದ್ದಳು, ಗೆದ್ದಳು ಎಂದು ಪ್ರಾಸ ಕಟ್ಟುವ ಚಪಲ ನನಗೆ. ಆದರೆ ಹದಿನಾಲ್ಕನೆಯದೂ ಒಳಗೆ ಹೋಯಿತು. ಅವಳು ಮತ್ತೆ ಎದ್ದು ನಿಂತಳು.

ದಿನವಿಡೀ ಮೊಣಕಾಲ ಮೇಲೆಯೇ ದುಡಿಯುವ ಶರಣಪ್ಪ, ತಾನು ಕಟ್ಟಿಕೊಂಡಿದ್ದ ಟೈರ್ ಟ್ಯೂಬಿನ ಪಟ್ಟಿಗಳನ್ನು ಬಿಚ್ಚಿ ಮಗಳ ಕೈಗಿಟ್ಟ.

“ಹಿಂಗ ಬೀಳೂದಿದ್ರ ಕಟಗೊಂಡ್ ಬೀಳು. ನಡಿ, ಬಸ್ಸಿಗಿ ಹೊತ್ತಾತು.”

ಆಮೇಲೆ ನನ್ನ ಕಡೆ ತಿರುಗಿದ. “ಸರ, ಪಟ್ಟಿ ಇಲ್ದ ಕುಂದ್ರಾಕ ಆಗಲ್ಲ. ನಿಮ್ಮ ಫರಸಿ ನಾಳಿಗಿ.”

ಬರಫ್ ಮೇಲೆ ಯಾರೋ ಹದಿನಾಲ್ಕು ಗೋಲು ಬಿಟ್ಟದ್ದಕ್ಕೆ, ನಮ್ಮ ಮನೆಯ ಒಲೆ ಇವತ್ತೂ ನೆಲದ ಮೇಲೇ ಇದೆ.