ಕೊನೆಯ ರೀಲಿನಲ್ಲಿ ಹೊರಟವರು ಯಾರು?

ಒಂದು ಸಿನಿಮಾದ ಕೊನೆ ಏನು ಅನ್ನುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಜಗಳವಿದೆ. ನಾನು ಒಂದು ಹೇಳುತ್ತೇನೆ, ನಮ್ಮ ಯಜಮಾನರು ಇನ್ನೊಂದು ಹೇಳುತ್ತಾರೆ. ಇಬ್ಬರೂ ಕಣ್ಣಾರೆ ನೋಡಿದವರೇ. ಹೋದ ವಾರ ಅದು ತೀರ್ಮಾನವಾಯಿತು. ಇಬ್ಬರೂ ನೋಡಿರಲಿಲ್ಲ.

ಮೊದಲು ಹೊಸ ಸಿನಿಮಾಗಳ ಮಾತು ಮುಗಿಸಿಬಿಡುತ್ತೇನೆ. ಬಂಗಾರಪೇಟೆಯ ಬಯಲಿನಲ್ಲಿ ಟೆಂಟು ಹಾಕಿ ಎರಡು ತಿಂಗಳಾಯಿತು. ಬೂದಿಕೋಟೆಯಿಂದ ಬಸ್ಸಿನಲ್ಲಿ ಹೋಗಿ ಇಷ್ಟರಲ್ಲಿ ಮೂರು ಟಾಕಿ, ಅಂದರೆ ಮಾತಾಡುವ ಸಿನಿಮಾ, ನೋಡಿದ್ದೇನೆ. (ಉಳಿದುಕೊಳ್ಳಲು ನಮ್ಮ ಚಿಕ್ಕಮ್ಮನ ಮನೆ ಸ್ಟೇಷನ್ ಹಿಂದೆಯೇ ಇದೆ. ಇಲ್ಲದಿದ್ದರೆ ಈ ವಾರವೂ ಈ ಅಂಕಣದಲ್ಲಿ ನಿಮಗೆ ಉಪ್ಪಿನಕಾಯಿಯ ವಿಷಯವೇ ಗತಿಯಾಗುತ್ತಿತ್ತು.)

ಮೊದಲನೆಯದರಲ್ಲಿ ಬಡವರ ಮನೆಯ ಸೊಸೆ ರಾಗಿ ಬೀಸುತ್ತಾ ಹಾಡುತ್ತಾಳೆ. ಹಾಡು ಚೆನ್ನಾಗಿದೆ. ಆದರೆ ಅಷ್ಟು ಹೊತ್ತೂ ಬೀಸುವ ಕಲ್ಲಿಗೆ ಒಂದು ಹಿಡಿ ರಾಗಿ ಹಾಕಲಿಲ್ಲ. ಕಲ್ಲು ಕಲ್ಲನ್ನೇ ಬೀಸಿತು. ಎರಡನೆಯದರಲ್ಲಿ ರಾಣಿ ಕಾಡುಪಾಲಾಗಿ ಹಸುವಿನ ಹಾಲು ಕರೆಯುತ್ತಾಳೆ. ಕರು ಬಿಡಲಿಲ್ಲ, ಕೆಚ್ಚಲು ತೊಳೆಯಲಿಲ್ಲ, ಚೊಂಬು ತುಂಬಿತು. ನಮ್ಮ ಹಸು ಗೌರಿ ಹಾಗೆ ಹಾಲು ಕೊಟ್ಟರೆ ನಾನೂ ಹಾಡುತ್ತೇನೆ. ಮೂರನೆಯದರಲ್ಲಿ ಒಬ್ಬ ಮುದುಕ ಸಾಯುವ ಮುಂಚೆ ಮೂರು ಹಾಡು ಹಾಡಿದ. ಅಷ್ಟು ಉಸಿರಿದ್ದವನು ಸತ್ತದ್ದೇಕೆ?

ಇಷ್ಟಾಗುವಷ್ಟರಲ್ಲಿ ಟೆಂಟಿನ ಮಾತಾಡುವ ಯಂತ್ರ ಕೆಟ್ಟಿತು. ರಿಪೇರಿಯವನು ಮದರಾಸಿನಿಂದ ಬರಬೇಕು. ಟೆಂಟಿನ ಮಾಲೀಕರು ಸುಮ್ಮನೆ ಕೂರುವವರಲ್ಲ. ಎಲ್ಲಿಂದಲೋ ಒಂದು ಹಳೆಯ ಮೂಕಿ ಚಿತ್ರ ತರಿಸಿದರು. ಎತ್ತಿನ ಗಾಡಿಗೆ ಬೋರ್ಡು ಕಟ್ಟಿ, ತಮಟೆ ಬಡಿಸಿಕೊಂಡು, ಬೂದಿಕೋಟೆಯವರೆಗೂ ಗಾಡಿ ಬಂತು. ಬೋರ್ಡಿನ ಮೇಲಿನ ಚಿತ್ರ ನೋಡಿ ನಮ್ಮ ಯಜಮಾನರು ತಲೆಯ ಮೇಲಿದ್ದ ಹುಲ್ಲಿನ ಹೊರೆ ಕೆಳಗಿಳಿಸಿದರು.

ಅದೇ ಸಿನಿಮಾ.

ಹಳೆಯ ಕಥೆ ಸ್ವಲ್ಪ ಹೇಳಬೇಕು. ನಾನು ಆಂಡರ್ಸನ್‌ಪೇಟೆಯಲ್ಲಿ ಬೆಳೆದು ಬೂದಿಕೋಟೆಗೆ ಸೊಸೆಯಾಗಿ ಬಂದವಳು. ಬರುವಾಗ ನಮ್ಮಪ್ಪ ಒಂದು ಹಸು ಕೊಟ್ಟಿದ್ದರು. ಎರಡನೆಯ ವರ್ಷ ಯಜಮಾನರು ಅದನ್ನು ನನ್ನನ್ನು ಕೇಳದೆ ಮಾರಿದರು. ನಾನು ತಮಿಳಿನಲ್ಲಿ ಬೈದು (ಅತ್ತೆಗೆ ಅರ್ಥವಾಗಬಾರದಲ್ಲ) ತವರಿಗೆ ಹೊರಟುಹೋದೆ. ಎರಡು ತಿಂಗಳಾಯಿತು. ಅವರು ಬರಲಿಲ್ಲ, ನಾನು ಹೋಗಲಿಲ್ಲ.

ಆಗ ಆಂಡರ್ಸನ್‌ಪೇಟೆಗೆ ಈ ಸಿನಿಮಾ ಬಂತು. ಇದೂ ಗಂಡನ ಮೇಲೆ ಮುನಿಸಿಕೊಂಡು ಹೆಂಡತಿ ತವರು ಸೇರುವ ಕಥೆಯೇ. ಮೂಕಿಯಾದ್ದರಿಂದ ಪರದೆಯ ಪಕ್ಕದಲ್ಲಿ ಒಬ್ಬರು ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದರು. ದೊರೆಸ್ವಾಮಿ ಎಂದು ಅವರ ಹೆಸರು. ತಮಿಳು, ತೆಲುಗು, ಕನ್ನಡ ಮೂರೂ ನೀರು ಕುಡಿದಷ್ಟು ಸಲೀಸು. ಹೆಂಗಸರಿಗೆಂದೇ ಒಂದು ಆಟ ಇಟ್ಟಿದ್ದರು, ಅದಕ್ಕೆ ಅಮ್ಮ ನನ್ನನ್ನು ಎಳೆದುಕೊಂಡು ಹೋದಳು. ಕೊನೆಯಲ್ಲಿ ಹೆಂಡತಿ ಗಂಟು ಕಟ್ಟಿಕೊಂಡು ತಾನಾಗಿಯೇ ಗಂಡನ ಮನೆಗೆ ಹೊರಟಳು. ಟೆಂಟಿಗೆ ಟೆಂಟೇ ಅತ್ತಿತು. ಅವಳ ಸೀರೆಯ ಅಂಚು ಇವತ್ತಿಗೂ ನನ್ನ ಕಣ್ಣಲ್ಲಿದೆ. ಎರಡು ದಿನ ಬಿಟ್ಟು ನಾನೂ ಗಂಟು ಕಟ್ಟಿದೆ.

ಅದೇ ವಾರ ನಮ್ಮ ಯಜಮಾನರು ಅವರೆಕಾಯಿ ಮಾರಲು ಆಂಡರ್ಸನ್‌ಪೇಟೆಗೆ ಬಂದಿದ್ದರು. (ಟೆಂಟಿನಿಂದ ನಮ್ಮ ಮನೆಗೆ ಎರಡೇ ಬೀದಿ. ಬರಲಿಲ್ಲ.) ಶಿಫ್ಟ್ ಮುಗಿಸಿ ಬಂದ ಗಣಿಯ ಆಳುಗಳ ಜೊತೆ ಕೂತು ಅವರೂ ಇದೇ ಸಿನಿಮಾ ನೋಡಿದರು. ಅವರು ನೋಡಿದ್ದರಲ್ಲಿ ಗಂಡನೇ ಹೆಂಡತಿಯನ್ನು ಕರೆಯಲು ಹೊರಟನಂತೆ. ಕುದುರೆ ಏರಿದ್ದು ಸಹ ನೆನಪಿದೆಯಂತೆ. ಬರಿಗೈಯಲ್ಲಿ ಮಾವನ ಮನೆಗೆ ಹೋಗುವುದುಂಟೇ ಎಂದು ಅವರು ಊರಿಗೆ ವಾಪಸು ಹೋಗಿ, ಮರುದಿನ ಹೊಲದಿಂದ ಒಂದು ಮೂಟೆ ಅವರೆಕಾಯಿ ಕಿತ್ತು ಹೊತ್ತು ಹೊರಟರು.

ನಾನು ಆಂಡರ್ಸನ್‌ಪೇಟೆಯಿಂದ ಹೊರಟಿದ್ದೇನೆ, ಅವರು ಬೂದಿಕೋಟೆಯಿಂದ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾನು ರೈಲು ಇಳಿದರೆ ಅವರು ಅದೇ ರೈಲು ತಿರುಗಿ ಹೋಗುವಾಗ ಹತ್ತಲು ನಿಂತಿದ್ದಾರೆ. ಎಲ್ಲಿಗೆ ಎಂದೆ. ಅವರೆಕಾಯಿ ಮಾರೋಕೆ ಎಂದರು. ನೀನೆಲ್ಲಿಗೆ ಎಂದರು. ಬೂದಿಕೋಟೆಯಲ್ಲಿ ಬೆಳ್ಳಿಯ ಕುಂಕುಮದ ಭರಣಿ ಮರೆತಿದ್ದೆ ಎಂದೆ. ಇಬ್ಬರೂ ಎತ್ತಿನ ಗಾಡಿಯಲ್ಲಿ ಊರಿಗೆ ಬಂದೆವು. ಅವರೆಕಾಯಿ ಸುಲಿದು ಸಾರು ಮಾಡಿದೆ.

ಉಣ್ಣುವಾಗ ಸಿನಿಮಾದ ಮಾತು ಬಂದು ಇಬ್ಬರ ಸುಳ್ಳೂ ಬಯಲಾಯಿತು. ಅವತ್ತಿನಿಂದ ಶುರು. ಮನೆಯಲ್ಲಿ ಯಾವ ಮಾತು ಬಂದರೂ, ಆಗ ಸೋತವಳು ನಾನು, ಈ ಸಲ ಸರದಿ ನಿಮ್ಮದು ಎಂದು ನಾನು. ಸೋತವನು ನಾನು, ಸರದಿ ನಿನ್ನದು ಎಂದು ಅವರು. ಇಬ್ಬರಿಗೂ ಸಾಕ್ಷಿ ಆ ಸಿನಿಮಾ.

ಇಷ್ಟು ದಿನ ಇದು ನಮ್ಮಿಬ್ಬರ ಮನರಂಜನೆಯಾಗಿತ್ತು. ಮೂರು ವಾರದಿಂದ ಹಾಗಿಲ್ಲ. ಮಗಳು ಕಮಲ ಬಂದು ಕೂತಿದ್ದಾಳೆ.

ಕಮಲಳನ್ನು ಕೊಟ್ಟಿರುವುದು ನಂದಿದುರ್ಗಕ್ಕೆ. (ಬೆಟ್ಟವಲ್ಲ, ಆಂಡರ್ಸನ್‌ಪೇಟೆಯ ಪಕ್ಕದ ಚಿನ್ನದ ಗಣಿ.) ಅಳಿಯ ಗಣಿಯ ಆಫೀಸಿನಲ್ಲಿ ಹಾಜರಿ ಬರೆಯುತ್ತಾನೆ. ಒಳ್ಳೆಯ ಹುಡುಗ. ಆದರೆ ನಾವು ಕೊಟ್ಟ ಹೊಲಿಗೆ ಯಂತ್ರವನ್ನು ಇವಳನ್ನು ಕೇಳದೆ ತನ್ನ ಅಕ್ಕನ ಮನೆಗೆ ಸಾಗಿಸಿದ. (ಗಂಡಸರು ಕೇಳದೆ ಕೊಡುವುದೆಲ್ಲ ಹೆಂಡತಿ ತವರಿನಿಂದ ತಂದದ್ದೇ ಏಕಾಗಿರುತ್ತದೆ?) ಅವನು ಕರೆಯಲು ಬರಲಿಲ್ಲ. ಇವಳು ಹೋಗಲಿಲ್ಲ. ದಿನಾ ಹಿತ್ತಲಿನಲ್ಲಿ ಕೂತು ಬಸ್ಸಿನ ಸದ್ದು ಕೇಳುತ್ತಾಳೆ. ಕೇಳಿದರೆ, ಕೇಳುತ್ತಿಲ್ಲ ಅನ್ನುತ್ತಾಳೆ.

ಒಂದು ದಿನ ನೇರವಾಗಿ ಕೇಳಿದಳು. ನೀವು ಜಗಳ ಆಡಿದಾಗ ಮೊದಲು ಬಂದವರು ಯಾರು?

ನಾನು ಎಂದೆ. ಅದೇ ಉಸಿರಿನಲ್ಲಿ ಅವಳಪ್ಪನೂ ನಾನು ಎಂದರು. ಕಮಲ ಇಬ್ಬರ ಮುಖವನ್ನೂ ನೋಡಿ ರಾಗಿ ಕೇರಲು ಎದ್ದು ಹೋದಳು.

ಬೋರ್ಡಿನ ಗಾಡಿ ಬಂದ ಸಂಜೆ ಅವಳೇ ಹೇಳಿದಳು:

"ಸಿನಿಮಾನೇ ನೋಡ್ಕಂಡು ಬರಾನ ನಡೀರಿ. ಅದ್ರಾಗೆ ಅವಳು ಒಂಟ್ರೆ ನಾನೂ ಒಂಡ್ತೀನಿ. ಅವನು ಒಂಟ್ರೆ, ನಮ್ಮನೇರು ಬರಾಗಂಟ ನಾನು ಇಲ್ಲಿಂದ ಅಲ್ಲಾಡಾಕಿಲ್ಲ."

ಮಗಳ ಸಂಸಾರ ಒಂದು ರೀಲಿನ ಮೇಲೆ ನಿಂತಿತು. ನಾನು ಅವಳು ಹೊರಡಲಿ ಎಂದು ಬೇಡಿಕೊಂಡೆ. ಇಪ್ಪತ್ತು ವರ್ಷದ ವಾದವೂ ಗೆದ್ದ ಹಾಗಾಗುತ್ತದಲ್ಲ.

ಟೆಂಟಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಾ ಕೂತಿದ್ದವರು ನಮ್ಮ ದೊರೆಸ್ವಾಮಿಯೇ. ಮಾತಾಡುವ ಸಿನಿಮಾ ಬಂದ ಮೇಲೆ ಮಾತಾಡುವ ಮನುಷ್ಯನಿಗೆ ಸಿಕ್ಕ ಕೆಲಸ. ಹಲ್ಲು ಮುಕ್ಕಾಲು ಹೋಗಿವೆ. ಆ ಕೋಲು ಇದೆ, ಆಡುಗಳನ್ನು ಓಡಿಸಲು. ಇವತ್ತು ಕಥೆ ಹೇಳುವುದಿಲ್ಲವೇ ಎಂದು ಕೇಳಿದೆ. ಈ ಸಲ ರೀಲಿನ ಎಲ್ಲಾ ಡಬ್ಬಗಳೂ ಬಂದಿವೆ, ನನಗೇನು ಕೆಲಸ ಎಂದರು. ಆಗ ನನಗೆ ಅರ್ಥವಾಗಲಿಲ್ಲ.

ಕಮಲ ಮತ್ತು ನಾನು ತಡಿಕೆಯ ಈಚೆ, ಹೆಂಗಸರ ಕಡೆ ಕೂತೆವು. ಯಜಮಾನರು ಆಚೆ.

ಹಳೆಯ ಸಿನಿಮಾದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅದರಲ್ಲಿ ಒಲೆ ಊದಿದರೆ ಹೊಗೆ ಬರುತ್ತದೆ. ಅವಳು ಕೆಮ್ಮಿದ್ದು ಕೇಳಿಸಲಿಲ್ಲ, ಕಂಡಿತು. ನನಗೆ ಅಷ್ಟು ಸಾಕು. ಟಾಕಿಗಳಲ್ಲಿ ಎಲ್ಲಾ ಕೇಳಿಸುತ್ತದೆ, ಹೊಗೆ ಮಾತ್ರ ಇಲ್ಲ.

ಕೊನೆಯ ರೀಲು ಬಂತು. ಕಮಲ ನನ್ನ ಸೆರಗು ಹಿಡಿದುಕೊಂಡಳು. ಪರದೆಯ ಮೇಲೆ ಹೆಂಡತಿ ಗಂಟು ಕಟ್ಟಿದಳು. ನಾನು ತಡಿಕೆಯ ಕಡೆಗೆ ತಿರುಗಿ ಕೆಮ್ಮಿದೆ. ಮರುಕ್ಷಣ ಗಂಡ ಚಪ್ಪಲಿ ಮೆಟ್ಟಿದ. ಆಚೆಯಿಂದ ಕೆಮ್ಮು ಬಂತು. ಅವಳು ದೋಣಿ ಹತ್ತಿದಳು. ಅವನು ಬೆಟ್ಟದ ದಾರಿ ಹಿಡಿದ. (ಕುದುರೆ ಇರಲಿಲ್ಲ. ಸೀರೆಗೆ ಅಂಚೂ ಇರಲಿಲ್ಲ.) ಅವನು ಅವಳ ತವರಿನ ಹೊಸ್ತಿಲಲ್ಲಿ ಕೂತ. ಅವಳು ಅವನ ಮನೆಯ ಹೊಸ್ತಿಲಲ್ಲಿ ಕೂತಳು. ಎರಡೂ ಮನೆಗೆ ಬೀಗ. ಮುಗಿಯಿತು.

ನೆಲದ ಟಿಕೆಟಿನ ಕಡೆಯಿಂದ ಒಬ್ಬ, "ಯಾರಾನ ಒಬ್ರು ಮನೇಲಿ ಕುಂತಿದ್ರೆ ಆಗಿತ್ತಲ್ಲಾ" ಎಂದ.

ಹೊರಗೆ ಬಂದವಳೇ ದೊರೆಸ್ವಾಮಿಯನ್ನು ಹಿಡಿದೆ. ಆಗ ನಾನು ನೋಡಿದ್ದೇನು? ಅವರು ಮುಚ್ಚುಮರೆ ಮಾಡಲಿಲ್ಲ. ಆ ವಾರ ಸಿನಿಮಾದ ಪೆಟ್ಟಿಗೆ ತರುತ್ತಿದ್ದ ಟೆಂಟಿನ ಆಳು ಬಂಗಾರಪೇಟೆಯಲ್ಲಿ ರೈಲು ಬದಲಾಯಿಸುವಾಗ ಕಾಫಿ ಕುಡಿಯಲು ಹೋಗಿ ಕೊನೆಯ ಡಬ್ಬವನ್ನು ಅಲ್ಲೇ ಬಿಟ್ಟು ಬಂದನಂತೆ. ಅದು ಸಿಗುವವರೆಗೆ ಇವರು ಬರಿಯ ಬಿಳಿ ಪರದೆಯ ಮುಂದೆ ನಿಂತು ಬಾಯಲ್ಲೇ ಕೊನೆ ಹೇಳಿದ್ದಂತೆ. ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು, ಪರದೆ ನೋಡಿದವರು ಯಾರು?

ಹಾಗಾದರೆ ನನಗೊಂದು, ಇವರಿಗೊಂದು ಹೇಳಿದ್ದೇಕೆ ಎಂದೆ.

"ಎಂಗಸ್ರ ಮುಂದೆ ಗಂಡ ಬಂದ ಅಂದ್ರೆ ಒಬ್ಳೂ ನಂಬಾಕಿಲ್ಲಮ್ಮಾ. ಗಂಡಸ್ರ ಮುಂದೆ ಎಂಡ್ತಿ ಬಂದ್ಲು ಅಂದ್ರೆ ಎಲ್ರೂ ನಂಬ್ತಾರೆ, ನಂಬಿ ಅಲ್ಲೇ ಕುಂತ್ಕತಾರೆ. ಅದ್ಕೇ, ಮುಂದೆ ಯಾರು ಕುಂತವ್ರೋ ಅವ್ರನ್ನೇ ಎಬ್ಬಿಸ್ದೆ."

ರಾತ್ರಿ ಚಿಕ್ಕಮ್ಮನ ಮನೆ ಸೇರಿದೆವು. ಕಾಲು ತೊಳೆದುಕೊಳ್ಳುವಾಗ ನಮ್ಮ ಯಜಮಾನರು ಹೇಳಿದರು:

"ಪಾಪ ಕಣೇ, ಆ ಸಿನಿಮಾದವ್ರ ಊರುಗಳ ಮಧ್ಯೆ ಬಂಗಾರಪೇಟೆ ಇರ್ನಿಲ್ಲ."

ಬೆಳಗ್ಗೆ ಬೂದಿಕೋಟೆಯ ಬಸ್ಸಿಗೆ ಹೊರಟಾಗ ಕಮಲ ಬರಲಿಲ್ಲ. ಹೋಗುವುದೂ ಇಲ್ಲ, ಬರುವುದೂ ಇಲ್ಲ, ಸ್ಟೇಷನ್ನಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿರುತ್ತೇನೆ ಎಂದಳು. ಗೌರಿಯನ್ನು ಪಕ್ಕದ ಮನೆಯವರ ಕೈಗೆ ಬಿಟ್ಟು ಬಂದಿದ್ದೆ, ನಾನು ಬಸ್ಸು ಹತ್ತಿದೆ. ಅವಳಪ್ಪ ಜೊತೆಗೆ ಉಳಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಯಜಮಾನರು ಒಬ್ಬರೇ ಬಂದರು. ಟವೆಲ್ ಕೊಡವಿ, ನೀರು ಕುಡಿದು, ಇನ್ನೊಂದು ಲೋಟ ಕೇಳಿದರು. ನಾನು ಕಾದೆ. (ಇಪ್ಪತ್ತು ವರ್ಷದಲ್ಲಿ ಕಲಿತದ್ದು ಅದೊಂದೇ.) ಆಮೇಲೆ ಹೇಳಿದರು. ನಂದಿದುರ್ಗದ ಕಡೆಯಿಂದ ಮೊದಲ ರೈಲು ಬಂತು, ಯಾರೂ ಇಳಿಯಲಿಲ್ಲ. ಎರಡನೆಯದು ಬಂತು, ಇಲ್ಲ. ಕಮಲ ಕಡಲೆಕಾಯಿ ತಿಂದ ಸಿಪ್ಪೆಯನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದಳು. ಮೂರನೆಯ ರೈಲಿನಲ್ಲಿ ಅಳಿಯ ಇಳಿದ. ಆಫೀಸಿಗೆ ರಜಾ ಹಾಕಿದ್ದನಂತೆ. ಇವಳನ್ನು ಬೆಂಚಿನ ಮೇಲೆ ಕಂಡು ಅಲ್ಲೇ ನಿಂತುಬಿಟ್ಟನಂತೆ.

ನೀನೇನು ಇಲ್ಲಿ ಎಂದು ಕೇಳಿದನಂತೆ. ಅಪ್ಪನ ಜೊತೆ ಸುಮ್ಮನೆ ಬಂದಿದ್ದೆ ಎಂದಳಂತೆ. ನೀವೆಲ್ಲಿಗೆ ಎಂದು ಇವಳು ಕೇಳಿದ್ದಕ್ಕೆ, ಬಂಗಾರಪೇಟೆಯಲ್ಲಿ ಹುಣಸೆಹಣ್ಣು ಕೊಳ್ಳಲು ಬಂದೆ ಎಂದನಂತೆ. ತಲೆಯ ಮೇಲೆ ಹೊಲಿಗೆ ಯಂತ್ರವಿತ್ತಂತೆ.

ಹುಣಸೆಹಣ್ಣು ಕೊಳ್ಳಲು ಹೊಲಿಗೆ ಯಂತ್ರ ಹೊತ್ತುಕೊಂಡು ಹೋಗುವ ಪದ್ಧತಿ ನಿಮ್ಮೂರಿನಲ್ಲೂ ಇದೆಯೇ?