ಎಂಟು ಮರಳಿನ ಚೀಲ

ಲಿಫ್ಟ್ ಕಾಯ್ದೆ ಬಂದ ಹೊಸತು. ಬೆಳಗಾವಿಯಲ್ಲಿ ಲಿಫ್ಟುಗಳೇ ಬೆರಳೆಣಿಕೆಯಷ್ಟು. ಅವನ್ನು ತಪಾಸಣೆ ಮಾಡುವ ಕಚೇರಿಯಲ್ಲಿ ನಾನು ಟೈಪಿಸ್ಟ್. ಲಿಫ್ಟಿನೊಳಗೆ ಎಂಟು ಮರಳಿನ ಚೀಲ ಹೇರಿ ಮೇಲೆ ಕೆಳಗೆ ಓಡಿಸಿ ನೋಡಬೇಕಿತ್ತು. ಮಾಲೀಕರು ಕಟ್ಟಿದ ಶುಲ್ಕ ಸೀದಾ ಖಜಾನೆಗೆ ಹೋಗುತ್ತಿತ್ತು. ನಮಗೆ ಚೀಲಕ್ಕೂ ದುಡ್ಡಿಲ್ಲ, ಮರಳಿಗೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ, ಹಾಗೆ.

ನಮ್ಮ ಸಾಹೇಬರು ಉಪಾಯ ಹುಡುಕಿದರು. ದಿನಗೂಲಿ ಜವಾನರು, ಹಮಾಲರು ಸೇರಿ ಎಂಟು ಜನರನ್ನು ಲಿಫ್ಟಿನಲ್ಲಿ ನಿಲ್ಲಿಸುವುದು. "ಚೀಲಾ ಹೊರಾಕ ಆಳ ಬೇಕು. ಇವು ತಾವ ನಡಕೊಂಡ ಬರ್ತಾವ," ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ವರದಿಯಲ್ಲಿ ಮಾತ್ರ 'ಮರಳಿನ ಚೀಲ ಎಂಟು' ಎಂದೇ ಟೈಪ್ ಮಾಡುತ್ತಿದ್ದೆ.

ಜವಾನರಲ್ಲೊಬ್ಬ ಖಾನಾಪುರದವನು. ಹಂಚಿನ ಭಟ್ಟಿಯ ಕೆಲಸ ಬಿಟ್ಟು ದಿನಾ ರೈಲಿಗೆ ಬರುತ್ತಿದ್ದ. ದಪ್ಪ ಆಳು. "ನೀ ಬಂದ್ರ ಒಂದೂವರಿ ಚೀಲ ಬಂದಂಗಪಾ," ಎಂದು ಸಾಹೇಬರು ಅವನ ಬೆನ್ನು ತಟ್ಟುತ್ತಿದ್ದರು.

ಒಂದು ಲಾಡ್ಜಿನ ಹೊಸ ಲಿಫ್ಟು ತಪಾಸಣೆಯ ಹೊತ್ತಿಗೇ ಎರಡನೇ ಮಹಡಿಯಿಂದ ಕಳಚಿ ಬಿತ್ತು. ಏಳು ಜನ ಮೈ ತರಚಿಕೊಂಡು ಹೊರಬಂದರು. ಖಾನಾಪುರದವನ ಎರಡೂ ಕಾಲು ನುಜ್ಜುಗುಜ್ಜಾದವು.

ಸಾಹೇಬರು ಬೆವರುತ್ತ ಬಂದು ವರದಿ ಹೇಳಿ ಟೈಪ್ ಮಾಡಿಸಿದರು: 'ಲಿಫ್ಟು ಸುರಕ್ಷಿತವಲ್ಲ. ಮರಳಿನ ಚೀಲ ಎಂಟು. ಒಂದು ಹರಿದಿದೆ.' ಥೂ ನನ್ನ ಜನ್ಮಕ್ಕೆ! ಅವತ್ತು ಒಂದಕ್ಷರವೂ ತಪ್ಪಲಿಲ್ಲ ನನಗೆ.

ಪರಿಹಾರ ಸಿಗಬೇಕಾದರೆ ಅವನು ಲಿಫ್ಟಿನಲ್ಲಿದ್ದನೆಂಬುದಕ್ಕೆ ಕಾಗದ ಬೇಕಿತ್ತು. ಅವನ ಹೆಂಡತಿ ಅನಗೋಳದ ನನ್ನ ಮನೆಗೇ ಬಂದಳು.

"ಅಕ್ಕಾರ, ನನ್ನ ಗಂಡ ಅದರಾಗ ಇದ್ದಾ ಅಂತ ಒಂದ ಸಾಲ ಬರದ ಕೊಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ. ಇಲ್ಲಂದ್ರ ನಾವು ಉಣ್ಣೂದ ಹ್ಯಾಂಗ್ರಿ?"

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೆದರಿದೆ. ಹೆದರಿದ ಸಿಟ್ಟೆಲ್ಲ ಅವಳ ಮೇಲೇ ತಿರುಗಿತು. "ವರದಿಯೊಳಗ ಮನಷ್ಯಾರ ಇಲ್ಲವಾ. ನಾ ಎಲ್ಲಿಂದ ತರ್ಲಿ?" ಎಂದೆ. ಅವಳು ಸೆರಗು ಹೊದ್ದು ಸ್ಟೇಷನ್ ಕಡೆ ನಡೆದಳು.

ಮುಂದೆ ಮೇಲಿನ ಕಚೇರಿಯಿಂದ ಆದೇಶ ಬಂತು. ಇಷ್ಟು ದಿನ ಕೇಳಿದರೂ ಕಿವಿಗೆ ಹಾಕಿಕೊಳ್ಳದವರು, ಹರಿದ ಚೀಲದ ಬದಲಿಗೆ ಹೊಸದೊಂದನ್ನು ಮಂಜೂರು ಮಾಡಿದ್ದರು. ಮರಳು ತುಂಬಿಸಿ ತಂದಿಟ್ಟೆವು.

ಪರಿಹಾರದ ಅರ್ಜಿ ತಿರಸ್ಕಾರವಾದ ಮೇಲೆ ಅವಳು ಕಚೇರಿಗೆ ಬಂದು, ಗಂಡನ ಕೆಲಸಕ್ಕೆ ತನ್ನನ್ನಾದರೂ ತೆಗೆದುಕೊಳ್ಳಿ ಎಂದು ಸಾಹೇಬರ ಮುಂದೆ ಸೆರಗೊಡ್ಡಿದಳು. ಅವರು ಮೂಲೆಯಲ್ಲಿದ್ದ ಹೊಸ ಚೀಲ ತೋರಿಸಿದರು.

"ಅವನ ಜಾಗಾ ಭರ್ತಿ ಆಗೇತವಾ."