ಎಗ್ಮೋರಿನ ಹಬ್ಬದಲ್ಲಿ ಅಮ್ಮ ಹಾಡಿದ್ದು

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು ನಾನು. ಸತ್ತವರು ಕನಸಿನಲ್ಲಿ ಬಂದು ಬೀಗದ ಕೈ ಎಲ್ಲಿದೆ ಎಂದು ಹೇಳಿದ್ದು, ನೋಡದ ಊರಿನ ದಾರಿ ಮಗುವಿಗೆ ಗೊತ್ತಿದ್ದದ್ದು, ಎಲ್ಲವೂ ನನಗೆ ಹೊತ್ತು ಹೋಗದವರ ಮಾತು. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟವಿಲ್ಲ. ನಾನೇ ಪೂರ್ತಿ ನಂಬಿಲ್ಲ.

ನಮ್ಮದು ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ವೈಷ್ಣವ ಮನೆತನ. ಅಮ್ಮ ಅಣ್ಣಾ ನಗರದ ನಮ್ಮ ಫ್ಲಾಟಿನಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದಳು. ಶ್ರುತಿಯ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಕುಕ್ಕರ್ ಕೂಗಿದರೂ ಯಾವ ಸ್ವರ ಹೇಳು ಎನ್ನುವ ಪೈಕಿ. ಅವಳ ತಂಗಿ, ನಮ್ಮ ಚಿಕ್ಕಮ್ಮ, ಜೊತೆಗೇ ಇದ್ದು ಜೊತೆಗೇ ಹಾಡಿದವಳು. ಆಮೇಲೆ ಅಮ್ಮನಿಗೆ ಮರೆವಿನ ಕಾಯಿಲೆ ಬಂತು. ಮೊದಲು ಹೆಸರುಗಳು ಹೋದವು, ನಂತರ ಹಾಡುಗಳು, ಕೊನೆಗೆ ಮಾತೇ ನಿಂತಿತು. ವರ್ಷವೇ ಕಳೆದರೂ ಅವಳ ಬಾಯಿಂದ ಒಂದು ‘ಹ್ಞೂಂ’ ಬರಲಿಲ್ಲ. ದಿನಾ ಅನ್ನ ತಿನ್ನಿಸುತ್ತಾ ‘ನಾನ್ಯಾರು ಹೇಳಮ್ಮಾ’ ಎಂದು ಕೇಳುತ್ತಿದ್ದೆ. ಒಂದೇ ಒಂದು ಸಲ ಅವಳ ದನಿ ಕೇಳಿದ್ದರೆ ಸಾಕಿತ್ತು. ಬೈದಿದ್ದರೂ ಸರಿಯೇ.

ಆ ಡಿಸೆಂಬರಿನಲ್ಲಿ ಪಕ್ಕದ ಫ್ಲಾಟಿನ ಸ್ಟೆಲ್ಲಾ, ತಮ್ಮ ಚರ್ಚಿನವರು ಎಗ್ಮೋರಿನಲ್ಲಿ ನಡೆಸುವ ಕಲಾ ಹಬ್ಬಕ್ಕೆ ಕರೆದರು. ಸಂಗೀತ ಕಚೇರಿಗಳಿಗೆ ಅಮ್ಮನನ್ನು ಕರೆದೊಯ್ಯಲು ನಮಗೆ ಧೈರ್ಯವಿರಲಿಲ್ಲ; ಅಲ್ಲಿ ಎಲ್ಲರೂ ಗುರುತಿನವರು, ನೋಡಿ ಲೊಚಗುಟ್ಟುವವರು. ಚರ್ಚಿನಲ್ಲಾದರೆ ಆ ಕಾಟವಿಲ್ಲ ಎಂದು ಹೊರಟೆವು. ಏಸುವಿನ ಹುಟ್ಟನ್ನು ಭರತನಾಟ್ಯದಲ್ಲಿ ಆಡಿ ತೋರಿಸಿದರು. ಚಿತ್ರಗಳ ಸಾಲಿನಲ್ಲಿ, ಕಾಸಿಮೇಡಿನ ಮೀನು ಮಾರುವ ಹೆಂಗಸರ ಹಾಗೆ ಸೀರೆ ಎತ್ತಿ ಕಟ್ಟಿದ ಮೇರಿ ನನಗೆ ತುಂಬ ಹಿಡಿಸಿದಳು. ಅಮ್ಮ ಗಾಲಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತೇ ಇದ್ದಳು. ಸಂಜೆಯ ಕೊನೆಗೆ ಮೇಳಗಾನ.

ಅದೊಂದು ತಮಿಳು ಹಾಡು. ಎರಡನೇ ಚರಣಕ್ಕೆ ಅಮ್ಮ ತಲೆಯೆತ್ತಿ ಹಾಡತೊಡಗಿದಳು. ಪಾಠ ಹೇಳುವಾಗಿನ ಅದೇ ತುಂಬು ದನಿ. ಮಾತುಗಳು ಅವರವೇ, ಒಂದೂ ತಪ್ಪಿಲ್ಲ. ಸ್ವರ ಮಾತ್ರ ಬೇರೆ. ಅವರು ಏರಿದರೆ ಇವಳು ಕೆಳಗೇ, ಅವರು ಇಳಿದರೆ ಇವಳು ನಿಂತಲ್ಲೇ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಕ್ಕನ ಮಾನ ಹೋಗುತ್ತಿದೆ ಎಂದು ಚಿಕ್ಕಮ್ಮನಿಗೆ ಅನ್ನಿಸಿರಬೇಕು. “ಅಯ್ಯೋ ಅಕ್ಕಾ, ಬೇಡ ಮಾ, ಸುಮ್ನಿರು. ಸ್ವರ ಸೇರ್ತಾನೇ ಇಲ್ಲ,” ಎಂದು ಅಮ್ಮನ ಬಾಯಿಯ ಮೇಲೆ ಮೆಲ್ಲಗೆ ಕೈಯಿಟ್ಟಳು. ನಾನು ತಡೆಯಲಿಲ್ಲ. ನನ್ನ ಕಿವಿಗೂ ಅದು ಅಪಸ್ವರವೇ. ಅಮ್ಮ ನಿಲ್ಲಿಸಿದಳು. ತಲೆ ಮತ್ತೆ ತಗ್ಗಿತು.

ಹಾಡು ಮುಗಿದದ್ದೇ ತಡ, ಮೇಳ ನಡೆಸುತ್ತಿದ್ದವರು ಇಳಿದು ಬಂದು, ಇವರು ಇದನ್ನು ಎಲ್ಲಿ ಕಲಿತರು ಎಂದು ತಮಿಳಿನಲ್ಲಿ ಕೇಳಿದರು. ಆ ಹಬ್ಬಕ್ಕೆಂದು ಅವರೇ ಕಟ್ಟಿದ ಹೊಸ ಹಾಡಂತೆ, ಹೊರಗೆ ಹಾಡಿದ್ದು ಅಂದೇ ಮೊದಲು. ಅವರ ಪದ್ಧತಿಯಲ್ಲಿ ಎಲ್ಲರೂ ಒಂದೇ ಸ್ವರ ಹಿಡಿಯುವುದಿಲ್ಲ. ಮೇಲಿನ ದನಿಗೆ ಒಂದು ವರಸೆ, ಕೆಳಗಿನ ದನಿಗೆ ಇನ್ನೊಂದು. ಕೆಳಗಿನದನ್ನು ಹಾಡಬೇಕಿದ್ದ ಹೆಂಗಸಿಗೆ ಜ್ವರ ಬಂದು, ಅದನ್ನು ಬಿಟ್ಟೇ ಹಾಡಿದ್ದರು. ಅಮ್ಮ ಹಾಡಿದ್ದು ಅದನ್ನು, ಒಂದು ಸ್ವರ ಬಿಡದೆ. ಯಾಕೆ ನಿಲ್ಲಿಸಿದಿರಿ ಎಂದು ಅವರು ಕೇಳಿದಾಗ ಚಿಕ್ಕಮ್ಮ ತನ್ನ ಕೈಯನ್ನೇ ನೋಡುತ್ತಾ ನಿಂತಳು.

ಪಕ್ಕದ ಫ್ಲಾಟಿನಿಂದ ಕೇಳಿಸಿರಬಹುದೇ ಎಂದರೆ, ಸ್ಟೆಲ್ಲಾ ಹಾಡುವವರಲ್ಲ. ಅಭ್ಯಾಸ ನಡೆದದ್ದು ಎಗ್ಮೋರಿನಲ್ಲಿ, ಅಮ್ಮ ಮನೆ ಬಿಟ್ಟು ಎಲ್ಲೂ ಹೋದವಳಲ್ಲ. ಡಾಕ್ಟರನ್ನು ಕೇಳಿದೆ. ಹಳೆಯ ಹಾಡು ಕೆಲವರಲ್ಲಿ ಕೊನೆಯವರೆಗೂ ಉಳಿಯುತ್ತದೆ ಎಂದರು. ಇದು ಹೊಸದು ಎಂದೆ. ಅವರು ಮಾತ್ರೆ ಬರೆದುಕೊಟ್ಟರು.

ಕ್ರಿಸ್‌ಮಸ್ಸಿಗೆ ಮೊದಲು ಮನೆಮನೆಗೆ ಹೋಗಿ ಹಾಡುವುದು ಆ ಚರ್ಚಿನ ಮೇಳದವರ ವಾಡಿಕೆ. ನಮ್ಮಲ್ಲಿಗೂ ಬನ್ನಿ ಎಂದು ಚಿಕ್ಕಮ್ಮನೇ ಹೋಗಿ ಬೇಡಿಕೊಂಡಳು. ಮಡಿ ಬಿಟ್ಟು ನೀರು ಕುಡಿಯದವಳು, ಅವರನ್ನೆಲ್ಲ ದೇವರ ಮನೆಯ ಮುಂದೆಯೇ ನಿಲ್ಲಿಸಿದಳು. ಅದೇ ಹಾಡನ್ನು, ಕೆಳಗಿನ ದನಿಯ ಜಾಗ ಖಾಲಿ ಬಿಟ್ಟು ಹಾಡಿದರು. ಚಿಕ್ಕಮ್ಮ ಅಮ್ಮನ ಕಾಲ ಬಳಿ ಕೂತು, “ಹಾಡು ಅಕ್ಕಾ, ನಾ ಏನೂ ಅನ್ನಲ್ಲ. ಹಾಡು,” ಎನ್ನುತ್ತಲೇ ಇದ್ದಳು. ಅಮ್ಮ ಗೋಡೆ ನೋಡುತ್ತಿದ್ದಳು. ಅವರು ಇನ್ನೊಮ್ಮೆ ಹಾಡಿದರು. ತುಟಿ ಅಲುಗಲಿಲ್ಲ.

ಬೇಸಿಗೆಯಲ್ಲಿ ಅಮ್ಮ ಹೋದಳು, ಸದ್ದಿಲ್ಲದೆ. ಆ ಹಾಡು ಅವಳೊಳಗೆ ಹೇಗೆ ಬಂತು ಎಂಬುದು ನನಗೆ ಇಂದಿಗೂ ತಿಳಿಯದು. ತಿಳಿದರೂ ಈಗ ಏನು ಪ್ರಯೋಜನ? ಇನ್ನೊಂದು ಸಾಲು ಹಾಡಲು ಬಿಟ್ಟಿದ್ದರೆ, ಹಾಡು ಮುಗಿಸಿ ಅವಳು ನನ್ನತ್ತ ತಿರುಗಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳೋ ಏನೋ.